ಗ್ಯಾರೇಜಿನ ಕಪ್ಪು ಗ್ರೀಸಿಗೂ ಯೂರಿಯಾ ಚೀಲಕ್ಕೂ ಏನ್ ಸಂಬಂಧ?

ಬಾಗಲಕೋಟೆ: ಹುನಗುಂದ, ಇಳಕಲ್ಲ ಕಡೆ ಟ್ರ್ಯಾಕ್ಟರ್ ರಿಪೇರಿ ಮಾಡಿಸಿದವರಿಗೆ ಕಪ್ಪು 'ಮೋಲಿ' ಗ್ರೀಸ್ ಗೊತ್ತಿರಬೇಕು. ಅದರಾಗಿನ ಕಪ್ಪು ಪುಡಿಯ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್. ಇದೇ ಪುಡಿ ನೀರಿನಿಂದ ಹೈಡ್ರೋಜನ್ ಬಿಡಿಸೋ ಕೆಲಸಕ್ಕೂ ಬರ್ತದ.

ಹೈಡ್ರೋಜನ್ ನಮಗ್ಯಾಕ್ರಿ ಅಂದ್ರ, ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಈಗ ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೀತಾರ. ಆ ಗ್ಯಾಸಿನ ದೊಡ್ಡ ಪಾಲು ಹೊರದೇಶದ್ದು. ಚೀಲದ ದರ ಸರ್ಕಾರ ಹಿಡಿದಿಟ್ಟದ ಖರೆ, ಗ್ಯಾಸ್ ತುಟ್ಟಿ ಆದ್ರ ಸಬ್ಸಿಡಿ ಹೊರೆ ಏರ್ತದ.

ಕರೆಂಟ್ ಹಾಯಿಸಿ ನೀರನ್ನು ಒಡೆದರೂ ಹೈಡ್ರೋಜನ್ ಸಿಗ್ತದ. ಕೆಲಸ ಚುರುಕಾಗಲು ವೇಗವರ್ಧಕ, ಅಂದ್ರ ಕ್ಯಾಟಲಿಸ್ಟ್ ಬೇಕು. ಎಲ್ಲಕ್ಕಿಂತ ಚಲೋ ಪ್ಲಾಟಿನಂ, ರೇಟ್ ಕೇಳಬ್ಯಾಡ್ರಿ.

ಮೋಲಿ ಅಗ್ಗ. ಅದರ ಹಾಳೆ ಹೋಳಿಗೆ ಇದ್ದಂಗ: ನಡುವೆ ಹೂರಣದಂಗ ಮಾಲಿಬ್ಡಿನಮ್, ಮ್ಯಾಲ ಕೆಳಗ ಗಂಧಕ. ಹಾಳೆಗಳು ಒಂದರ ಮ್ಯಾಲೊಂದು ಜಾರ್ತಾವ, ಅದಕ್ಕೇ ಗ್ರೀಸಿಗೆ ಲಾಯಕ್ಕು. ಆದರೆ ಹೈಡ್ರೋಜನ್ ಬಿಡಿಸೋದು ಅಂಚಿನ ಪರಮಾಣುಗಳು ಮಾತ್ರ, ನಡುವಿನವು ಸುಮ್ನ ಕೂತಿರ್ತಾವ. ಇದನ್ನು 2007ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪರಮಾಣು ಮಟ್ಟದಾಗ ನೋಡಿ ತೋರಿಸಿದರು.

2013ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಹಾಳೆಯೊಳಗಿನ ಪರಮಾಣುಗಳ ಜೋಡಣೆಯನ್ನೇ ಬದಲಿಸಿತು. ವಸ್ತು ಅದೇ, ಬೆಳಕು ಬಿಟ್ಟಾಗ ಹೈಡ್ರೋಜನ್ ಮಾತ್ರ ಭಾಳ ಜೋರಾಗಿ ಬಂತು. ಆದರೆ ಆ ಪ್ರಯೋಗಕ್ಕೆ ಒಂದು ಬಣ್ಣ, ಜೊತೆಗೆ ಖರ್ಚಾಗಿ ಹೋಗೋ ಇನ್ನೊಂದು ರಾಸಾಯನಿಕ ಬೇಕಿತ್ತು. ಲ್ಯಾಬಿನಿಂದ ಗೊಬ್ಬರದ ಫ್ಯಾಕ್ಟರಿಗೆ ದಾರಿ ಇನ್ನೂ ದೂರ ಐತಿ.

ಗ್ಯಾರೇಜಿನ ಡಬ್ಬಿಯನ್ನೇ ನೀರಾಗ ಹಾಕಿ ನೋಡಬ್ಯಾಡ್ರಿ ಮತ್ತ, ಅದರಾಗ ಎಣ್ಣಿನೇ ಜಾಸ್ತಿ.