ರಾಮದೇವರ ಬೆಟ್ಟದ ರಣಹದ್ದು, ನಮ್ಮ ಹಟ್ಟಿಯ ಇಂಜೆಕ್ಷನ್

ರಾಮನಗರದ ಹತ್ತಿರದ ರಾಮದೇವರ ಬೆಟ್ಟ ‘ಶೋಲೆ’ ಸಿನೆಮಾದಿಂದಾಗಿ ಎಲ್ಲರಿಗೂ ಗೊತ್ತು. ಅದೇ ಬಂಡೆಗಳ ಸಂದಿಯಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. 2012ರಲ್ಲಿ ಸರಕಾರ ಇಲ್ಲಿನ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮ ಎಂದು ಘೋಷಿಸಿತು. ದೇಶದಲ್ಲಿ ಇಂಥದ್ದು ಇದೇ ಮೊದಲು.

ಗೂಡು ನೋಡಲೆಂದು ನಾವು ಮೂವರು ಕೃಷಿಕರು ಜನವರಿಯಲ್ಲಿ ಹೋದೆವು. ಬರಿಗಣ್ಣಿಗೆ ಬಂಡೆ ಬಿಟ್ಟು ಬೇರೇನೂ ಕಾಣದು. ಬಂಡೆಯ ಮೇಲೆ ಬಿಳಿ ಹಿಕ್ಕೆ ಇಳಿದ ಗೆರೆ ಹುಡುಕಬೇಕು. ಅದನ್ನೇ ಹಿಡಿದು ಬೈನಾಕ್ಯುಲರ್ ಮೇಲಕ್ಕೆ ತಿರುಗಿಸಿದರೆ ಗೂಡು ಸಿಗ್ತದೆ. ಒಂದು ಹಕ್ಕಿ ಅಲ್ಲಾಡದೆ ಕೂತಿತ್ತು. ಬಿಸಿಲೇರಿ ಬಂಡೆ ಕಾದ ಮೇಲೆ ಇನ್ನೊಂದು ಬಂತು. ರೆಕ್ಕೆ ಬಡಿಯುವುದೇ ಇಲ್ಲ, ಬಿಸಿಗಾಳಿಯ ಮೇಲೆ ತೇಲುವುದಷ್ಟೆ.

ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು 50 ದಿನ ಕಾವು ಕೂರುತ್ತವೆ. ಮರಿ ಹಾರಲು ಮತ್ತೆ ಮೂರು-ನಾಲ್ಕು ತಿಂಗಳು ಬೇಕು. ಹಾಗಾಗಿ ಸತ್ತ ಹಕ್ಕಿಯ ಜಾಗ ತುಂಬುವುದು ಬಹಳ ನಿಧಾನ.

ಸತ್ತದ್ದು ಯಾಕೆ?

ನಮ್ಮ ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ. ಇಂಜೆಕ್ಷನ್ ಆದ ದನ ಬೇಗ ಸತ್ತರೆ ಮದ್ದು ಮಾಂಸದಲ್ಲೇ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ವಿಜ್ಞಾನಿಗಳು ಇದನ್ನು ಪತ್ತೆ ಮಾಡಿ ಪ್ರಕಟಿಸಿದ್ದು 2004ರಲ್ಲಿ. ಅಷ್ಟರೊಳಗೆ ದೇಶದ ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗಿಯಾಗಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದಿದ್ದರೂ ಇಷ್ಟು ನಷ್ಟಕ್ಕೆ ಸಾಕಂತೆ!

ನಾವೇನು ಮಾಡಬಹುದು?

ಜಾನುವಾರುಗಳಿಗೆ ಡೈಕ್ಲೋಫೆನಾಕ್ 2006ರಲ್ಲೇ ನಿಷೇಧವಾಗಿದೆ. ಮನುಷ್ಯರ ಮದ್ದಿನ ದೊಡ್ಡ ಬಾಟಲಿಗಳು ಹಟ್ಟಿಗೆ ಬರುತ್ತಿದ್ದವು. 2015ರಿಂದ 3 ಮಿಲಿಲೀಟರಿನ ಒಂದು ಡೋಸಿನ ಬಾಟಲಿ ಮಾತ್ರ ಮಾರಬಹುದು. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನು ಜಾನುವಾರುಗಳಿಗೆ ಕೊಡುವುದು 2023ರಿಂದ ನಿಷಿದ್ಧ.

ಮೆಲಾಕ್ಸಿಕಾಮ್ ರಣಹದ್ದಿಗೆ ತೊಂದರೆ ಮಾಡುವುದಿಲ್ಲ, ದನಕ್ಕೂ ಹಿಡಿಯುತ್ತದೆ. ಡಾಕ್ಟ್ರು ಸಿರಿಂಜು ತುಂಬುವ ಮೊದಲು ‘ಯಾವ ಮದ್ದು ಸಾರ್?’ ಎಂದು ಕೇಳಿ, ಬಾಟಲಿಯ ಚೀಟಿ ಓದಿ. ನೋವಿನ ಇಂಜೆಕ್ಷನ್ ಆಗಿ ನಾಲ್ಕು ದಿನದೊಳಗೆ ದನ ಸತ್ತರೆ ಬಯಲಿಗೆ ಎಸೆಯಬೇಡಿ, ಆಳವಾಗಿ ಹೂಳಿ.

ಬೆಟ್ಟಕ್ಕೆ ಹೋಗುವವರು ಮಾತು ತಗ್ಗಿಸಿ, ದೂರದಿಂದಲೇ ನೋಡಿ. ಬೆದರಿದ ಹಕ್ಕಿ ಗೂಡು ಬಿಟ್ಟು ಎದ್ದರೆ ಆ ವರ್ಷದ ಒಂದೇ ಮೊಟ್ಟೆಯೂ ಹಾಳಾದೀತು.