ಬಿಸಿಯ ಮೂರು ದಾರಿಗಳು: ನಿತ್ಯಜೀವನದಲ್ಲಿ ಶಾಖದ ಉಳಿತಾಯ

ಲೋಟಕ್ಕೆ ಬಗ್ಗಿಸಿದ ಕಾಫಿಯನ್ನು ಪತ್ರಿಕೆ ಓದುತ್ತ ಮರೆತರೆ ಅರ್ಧ ಗಂಟೆಯಲ್ಲಿ ಅದು ಆರಿಹೋಗಿರುತ್ತದೆ. ಅದನ್ನು ಮತ್ತೆ ಒಲೆಯ ಮೇಲಿಟ್ಟು ಕಾಯಿಸುತ್ತೇವೆ. ಮೊದಲಿನ ಬಿಸಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಆ ಬಿಸಿ ನಾಶವಾಗಿಲ್ಲ. ಅದು ಮೇಜನ್ನೂ ಗಾಳಿಯನ್ನೂ ಗೋಡೆಗಳನ್ನೂ ಸೇರಿ, ನಮ್ಮ ಉಪಯೋಗಕ್ಕೆ ಬಾರದಂತೆ ಹರಡಿಹೋಗಿದೆ. ಹಣ ತೆತ್ತು ತಂದ ಅನಿಲ, ವಿದ್ಯುತ್ತು ಅಥವಾ ಸೌದೆಯ ದೊಡ್ಡದೊಂದು ಪಾಲು ಪ್ರತಿ ಮನೆಯಲ್ಲಿಯೂ ಪ್ರತಿನಿತ್ಯ ಹೀಗೆಯೇ ಸೋರಿಹೋಗುತ್ತಿರುತ್ತದೆ. ಸೋರುವ ದಾರಿಗಳನ್ನು ತಿಳಿದರೆ ಅವುಗಳನ್ನು ಮುಚ್ಚುವುದು ಕಷ್ಟವಲ್ಲ.

ಶಾಖ ಸಾಗುವ ಬಗೆ

ಉಷ್ಣವು ಯಾವಾಗಲೂ ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದ ವಸ್ತುವಿನ ಕಡೆಗೆ ತಾನಾಗಿಯೇ ಹರಿಯುತ್ತದೆ. ಎರಡರ ತಾಪದ ಅಂತರ ಹೆಚ್ಚಾದಷ್ಟೂ ಹರಿವು ತೀವ್ರವಾಗುತ್ತದೆ. ಈ ಹರಿವಿಗೆ ಮೂರು ದಾರಿಗಳಿವೆ.

ಮೊದಲನೆಯದು ವಹನ. ಸಾರಿನಲ್ಲಿಟ್ಟ ಲೋಹದ ಸೌಟಿನ ಹಿಡಿ ಕೆಲವೇ ಕ್ಷಣಗಳಲ್ಲಿ ಕೈ ಸುಡುತ್ತದೆ. ಮರದ ಸೌಟಿನ ಹಿಡಿ ಸುಡುವುದಿಲ್ಲ. ಒಂದು ಕಣದಿಂದ ಪಕ್ಕದ ಕಣಕ್ಕೆ ಶಾಖವನ್ನು ದಾಟಿಸುವುದರಲ್ಲಿ ಲೋಹಗಳು ಮುಂದು. ಮರ, ಬಟ್ಟೆ, ಹುಲ್ಲು ಮೊದಲಾದವು ಹಿಂದು. ಎಲ್ಲಕ್ಕಿಂತ ಹಿಂದುಳಿದ ವಸ್ತುಗಳಲ್ಲಿ ಚಲಿಸದೆ ನಿಂತ ಗಾಳಿಯೂ ಒಂದು. ನೀರು ಅಂತಹ ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸಬಲ್ಲದು. ನೆನೆದ ಬಟ್ಟೆ ತೊಟ್ಟವರು ನಡುಗುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಸಂವಹನ. ಬಿಸಿಯಾದ ಗಾಳಿ ಅಥವಾ ನೀರು ಹಗುರವಾಗಿ ಮೇಲೇರುತ್ತದೆ. ತಣ್ಣನೆಯದು ಕೆಳಗಿಳಿದು ಅದರ ಸ್ಥಳವನ್ನು ತುಂಬುತ್ತದೆ. ಹೀಗೆ ದ್ರವ್ಯವೇ ಶಾಖವನ್ನು ಹೊತ್ತು ಸಾಗುತ್ತದೆ. ಗಾಳಿ ಅತ್ಯಲ್ಪ ವಾಹಕವಾಗಿದ್ದರೂ ಅದಕ್ಕೆ ಓಡಾಡಲು ಅವಕಾಶ ದೊರೆತರೆ ಶಾಖವನ್ನು ಬೇಗನೆ ಕದ್ದೊಯ್ಯುತ್ತದೆ.

ಮೂರನೆಯದು ವಿಕಿರಣ. ಇದಕ್ಕೆ ನಡುವೆ ಯಾವ ದ್ರವ್ಯವೂ ಬೇಕಾಗಿಲ್ಲ. ಸೂರ್ಯನ ಶಾಖ ಶೂನ್ಯವನ್ನು ದಾಟಿ ಭೂಮಿಯನ್ನು ಮುಟ್ಟುವುದು ಹೀಗೆಯೇ. ಕಪ್ಪು, ಒರಟು ಮೇಲ್ಮೈಗಳು ವಿಕಿರಣವನ್ನು ಚೆನ್ನಾಗಿ ಸೂಸುತ್ತವೆ, ಚೆನ್ನಾಗಿ ಹೀರುತ್ತವೆ. ಹೊಳೆಯುವ ಲೋಹದ ಮೇಲ್ಮೈಗಳು ಅದನ್ನು ಹಿಂದಕ್ಕೆ ಮರಳಿಸುತ್ತವೆ.

ಈ ಮೂರೂ ದಾರಿಗಳಿಗೆ ಒಮ್ಮೆಲೇ ತಡೆಯೊಡ್ಡುವ ಸಾಧನ ನಮ್ಮ ಮನೆಗಳಲ್ಲಿಯೇ ಇದೆ: ಥರ್ಮಾಸ್ ಫ್ಲಾಸ್ಕು. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ರೂಪಿಸಿದ ಪಾತ್ರೆ ಇದರ ಮೂಲ. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಹಾಕಿರುವುದರಿಂದ ವಹನಕ್ಕೂ ಸಂವಹನಕ್ಕೂ ಅಲ್ಲಿ ಆಸ್ಪದವಿಲ್ಲ. ಗೋಡೆಗಳ ಹೊಳಪು ವಿಕಿರಣವನ್ನು ಮರಳಿಸುತ್ತದೆ. ಉಳಿದಿರುವ ಮುಖ್ಯ ದಾರಿ ಕತ್ತು ಮತ್ತು ಬಿರಡೆ ಮಾತ್ರ.

ಅಡುಗೆಮನೆಯಲ್ಲಿ

ಶಾಖದ ಸೋರಿಕೆ ಎದ್ದು ಕಾಣುವುದು ಒಲೆಯ ಬಳಿ. ಮೂರು ಕಲ್ಲಿನ ಸೌದೆ ಒಲೆಯಲ್ಲಿ ಉರಿಯುವ ಶಾಖದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಅಡುಗೆಗೆ ಒದಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ‘ಅಸ್ತ್ರ ಒಲೆ’ಯು, ಉರಿಯನ್ನು ಗೋಡೆಗಳ ನಡುವೆ ಕಟ್ಟಿಹಾಕಿ, ಹೊರಹೋಗುವ ಬಿಸಿ ಹೊಗೆಯನ್ನೇ ಮುಂದಿನ ಪಾತ್ರೆಗಳ ಕೆಳಗೆ ಹಾಯಿಸಿ ಈ ನಷ್ಟವನ್ನು ಬಹಳವಾಗಿ ತಗ್ಗಿಸಿತು. ಊರಿನ ಬಚ್ಚಲುಮನೆಯಲ್ಲಿ ನೀರಿನ ಹಂಡೆಯನ್ನು ಮಣ್ಣಿನ ಒಲೆಯೊಳಗೆ ಹುದುಗಿಸಿ ಕಟ್ಟುತ್ತಿದ್ದ ನಮ್ಮ ಹಿರಿಯರಿಗೂ ಈ ಮರ್ಮ ತಿಳಿದಿತ್ತು.

ಅನಿಲದ ಒಲೆ ಎಷ್ಟೋ ಮೇಲು. ಆದರೂ ಅದರ ಶಾಖದ ಸುಮಾರು ಮೂರನೆಯ ಒಂದು ಪಾಲು ಪಾತ್ರೆಯನ್ನು ಸೇರುವುದಿಲ್ಲ. ಜ್ವಾಲೆಯು ಪಾತ್ರೆಯ ತಳವನ್ನು ಮೀರಿ ಪಕ್ಕಗಳನ್ನು ನೆಕ್ಕುತ್ತಿದ್ದರೆ ನಷ್ಟ ಇನ್ನೂ ಹೆಚ್ಚು. ಆದುದರಿಂದ ಬರ್ನರಿಗಿಂತ ಅಗಲವಾದ, ಸಮತಟ್ಟಾದ ತಳವುಳ್ಳ ಪಾತ್ರೆಯನ್ನು ಬಳಸಬೇಕು. ಗಡಸು ನೀರು ಕಾಯಿಸುವ ಪಾತ್ರೆಯೊಳಗೆ ಕಟ್ಟುವ ಬಿಳಿಯ ಪೊರೆಯೂ ಹೊರಗೆ ಹಿಡಿಯುವ ಮಸಿಯೂ ಶಾಖಕ್ಕೆ ಅಡ್ಡಿಯಾಗುವುದರಿಂದ ಅವುಗಳನ್ನು ಆಗಾಗ ಉಜ್ಜಿ ತೆಗೆಯಬೇಕು. ಜ್ವಾಲೆ ನೀಲಿಯಾಗಿರಬೇಕು, ಹಳದಿ ಜ್ವಾಲೆಯು ಇಂಧನ ಪೂರ್ಣವಾಗಿ ಉರಿಯುತ್ತಿಲ್ಲವೆಂಬುದರ ಸೂಚನೆ.

ಮುಚ್ಚಳದ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಲೀಟರು ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಏರಿಸಲು ಸುಮಾರು 75 ಕಿಲೋಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುವ ಅದೇ ನೀರನ್ನು ಪೂರ್ತಿಯಾಗಿ ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಎಂದರೆ ಏಳು ಪಟ್ಟಿಗೂ ಹೆಚ್ಚು. ತೆರೆದ ಪಾತ್ರೆಯಿಂದ ಏಳುವ ಹಬೆಯು ಇಂಧನವನ್ನೇ ಹೊತ್ತು ಹೋಗುತ್ತಿದೆ ಎಂದರೆ ತಪ್ಪಾಗದು. ಅಲ್ಲದೆ ಕುದಿ ಬಂದ ಮೇಲೆ ತೆರೆದ ಪಾತ್ರೆಯಲ್ಲಿ ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರಿನ ತಾಪ ಏರುವುದಿಲ್ಲ, ಅನ್ನ ಬೇಗ ಬೇಯುವುದೂ ಇಲ್ಲ. ಹಬೆ ಮಾತ್ರ ಹೆಚ್ಚುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಿ ತಟ್ಟೆ ಮುಚ್ಚುವುದೇ ಲಾಭಕರ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುವುದರಿಂದ ಬೇಳೆಕಾಳು ಬೇಗ ಬೇಯುತ್ತದೆ. ಅಲ್ಲಿಯೂ ಮೊದಲ ಸೀಟಿಯ ನಂತರ ಉರಿಯನ್ನು ಸಣ್ಣದಾಗಿಸಬೇಕು.

ಬೆಂದ ಆಹಾರವನ್ನು ಬಿಸಿಯಾಗಿಡಲು ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡಬಹುದು. ಆದರೆ ಉಗುರುಬೆಚ್ಚಗಿನ ಆಹಾರದಲ್ಲಿ ರೋಗಾಣುಗಳು ಬೇಗನೆ ವೃದ್ಧಿಯಾಗುತ್ತವೆ. 60 ಡಿಗ್ರಿಗಿಂತ ಕೆಳಗಿಳಿದ ಆಹಾರವನ್ನು ಗಂಟೆಗಟ್ಟಲೆ ಹಾಗೆಯೇ ಇಡಬಾರದು.

ಸ್ನಾನದ ನೀರು

ಇಪ್ಪತ್ತು ಡಿಗ್ರಿಯ ಹದಿನೈದು ಲೀಟರು ನೀರನ್ನು, ಎಂದರೆ ಒಂದು ಬಕೆಟ್ಟನ್ನು, 40 ಡಿಗ್ರಿಗೆ ಕಾಯಿಸಲು ಸುಮಾರು ಮೂರನೆಯ ಒಂದು ಯೂನಿಟ್ ವಿದ್ಯುತ್ತು ಸಾಕು. ಇಪ್ಪತ್ತೈದು ಲೀಟರಿನ ಗೀಸರಿನ ತುಂಬ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಒಂದು ಯೂನಿಟ್ಟಿಗೂ ಮಿಕ್ಕಿ ಬೇಕು. ಕಾದ ನೀರನ್ನು ಹಾಗೆಯೇ ಬಿಟ್ಟರೆ ಅದು ಆರುತ್ತ ಹೋಗುತ್ತದೆ. ಗೀಸರು ಅದನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಆದುದರಿಂದ ಸ್ನಾನಕ್ಕೆ ತುಸು ಮುಂಚೆ ಹಾಕಿ, ಕೆಲಸ ಮುಗಿದೊಡನೆ ಆರಿಸುವುದು ಉತ್ತಮ. 2001ರ ಇಂಧನ ಸಂರಕ್ಷಣಾ ಅಧಿನಿಯಮದ ಮೇರೆಗೆ 2002ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋ ಇಂತಹ ಉಪಕರಣಗಳಿಗೆ ನಕ್ಷತ್ರ ಚಿಹ್ನೆಗಳನ್ನು ನೀಡುತ್ತದೆ. ತೊಟ್ಟಿಯುಳ್ಳ ಗೀಸರುಗಳಲ್ಲಿ ಹೆಚ್ಚು ನಕ್ಷತ್ರಗಳೆಂದರೆ ನಿಂತ ಬಿಸಿನೀರಿನಿಂದ ಸೋರುವ ಶಾಖ ಕಡಿಮೆಯೆಂದು ಅರ್ಥ.

ಚಳಿಗಾಲದ ಮನೆ, ಮೈ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಮೊದಲ ಚಳಿಗಾಲ ಕಲಿಸುವ ಪಾಠ, ರಜಾಯಿ ತಾನಾಗಿ ಬಿಸಿಯನ್ನು ಕೊಡುವುದಿಲ್ಲವೆಂಬುದು. ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಬಿಸಿಯನ್ನೇ ಹಿಡಿದಿಡುತ್ತದೆ. ರಜಾಯಿಯನ್ನು ಬಿಸಿಲಿಗೆ ಹಾಕಿದಾಗ ತೇವ ಆರಿ, ಹತ್ತಿ ಉಬ್ಬಿ, ಹೆಚ್ಚು ಗಾಳಿ ಸೇರುತ್ತದೆ. ಒಂದು ದಪ್ಪ ಉಡುಪಿಗಿಂತ ಎರಡು ತೆಳು ಉಡುಪುಗಳು ಅನೇಕ ವೇಳೆ ಹೆಚ್ಚು ಬೆಚ್ಚಗಿರುವುದಕ್ಕೂ ನಡುವಿನ ಗಾಳಿಯ ಪದರವೇ ಕಾರಣ. ಮನೆಯಲ್ಲಿ ಕಿಟಕಿಗಳಿಗೆ ದಪ್ಪ ಪರದೆ, ಬಾಗಿಲಿನ ಕೆಳಸಂದಿಗೆ ಬಟ್ಟೆಯ ಸುರುಳಿ, ನೆಲಕ್ಕೆ ಜಮಖಾನೆ ಇವಿಷ್ಟರಿಂದಲೇ ಗಮನಾರ್ಹ ಪರಿಣಾಮ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸಂದಿಗಳನ್ನು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಎಂದಿಗೂ ಮಲಗಬಾರದು. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ನಿದ್ರೆಯಲ್ಲಿಯೇ ಅಸುನೀಗುವ ದುರಂತಗಳು ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮರುಕಳಿಸುತ್ತಿವೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಉರಿಯುವ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯವಿದೆ. ಏನನ್ನಾದರೂ ಉರಿಸುವ ಕಡೆ ಗಾಳಿಗೆ ದಾರಿ ಇರಲೇಬೇಕು. ಅಲ್ಲಿ ಶಾಖದ ಉಳಿತಾಯಕ್ಕಿಂತ ಪ್ರಾಣ ದೊಡ್ಡದು.

ಹಸುಗೂಸಿನ ಬೆಚ್ಚನೆ

ಶಾಖದ ಸೋರಿಕೆಯಿಂದ ಅತಿ ಹೆಚ್ಚು ಹಾನಿಗೊಳಗಾಗುವುದು ಆಗತಾನೆ ಹುಟ್ಟಿದ ಮಗು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಬಹಳ ಹೆಚ್ಚು. ನೆನೆದ ಮೈಯಿಂದ ನೀರು ಆವಿಯಾಗುವಾಗ ಬಿಸಿ ಹೋಗುತ್ತದೆ. ತಣ್ಣನೆಯ ತಕ್ಕಡಿಗೆ ವಹನದಿಂದ, ಬೀಸುವ ಗಾಳಿಗೆ ಸಂವಹನದಿಂದ, ತಣ್ಣನೆಯ ಗೋಡೆಗೆ ವಿಕಿರಣದಿಂದ ಹೋಗುತ್ತದೆ. ಮಗುವಿನ ಮೈ ತಾಪ 36.5ರಿಂದ 37.5 ಡಿಗ್ರಿಯೊಳಗಿರಬೇಕು. ಆದುದರಿಂದ ಹುಟ್ಟಿದೊಡನೆ ಮೈಯನ್ನು ಒಣಬಟ್ಟೆಯಿಂದ ಒರೆಸಿ, ಒದ್ದೆಬಟ್ಟೆಯನ್ನು ತೆಗೆದುಹಾಕಿ, ತಲೆಗೆ ಕುಲಾವಿ ತೊಡಿಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಬೇಕು. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆಗಳ ಕಾಲ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಹುಟ್ಟಿದೊಡನೆ ಎರೆಯುವ ರೂಢಿಯುಳ್ಳ ಮನೆಗಳ ಹಿರಿಯರು ಇದನ್ನು ಗಮನಿಸಬೇಕು. ಕಡಿಮೆ ತೂಕದ ಮಕ್ಕಳನ್ನು ತಾಯಿಯ ಮೈಬಿಸಿಯಲ್ಲಿಯೇ ಸಾಕುವ ‘ಕಾಂಗರೂ ಆರೈಕೆ’ಯು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾಯಿತು. ಇಂದು ಭಾರತದ ಆಸ್ಪತ್ರೆಗಳಲ್ಲಿಯೂ ಅದು ಬಳಕೆಯಲ್ಲಿದೆ. ತಂದೆಯೂ ಅಜ್ಜಿಯೂ ಈ ಆರೈಕೆಯಲ್ಲಿ ತಾಯಿಗೆ ನೆರವಾಗಬಹುದು. ಮಗುವಿನ ಅಂಗಾಲು ಮತ್ತು ಹೊಟ್ಟೆ ಎರಡೂ ತಣ್ಣಗಿದ್ದರೆ ಅದನ್ನು ಎದೆಗವಚಿಕೊಂಡು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಪಾತ್ರೆಗೆ ತಟ್ಟೆ ಮುಚ್ಚುವುದೂ ಕೂಸಿನ ತಲೆಗೆ ಕುಲಾವಿ ತೊಡಿಸುವುದೂ ಒಂದೇ ತತ್ತ್ವದ ಎರಡು ಉಪಯೋಗಗಳು. ಇವುಗಳಿಗೆ ಹೆಚ್ಚಿನ ಹಣ ಬೇಕಿಲ್ಲ, ಗಮನ ಬೇಕು. ಒಂದು ಮನೆಯಲ್ಲಿ ದಿನಕ್ಕೆ ಉಳಿಯುವ ಅನಿಲ ಅತ್ಯಲ್ಪವೆನಿಸಬಹುದು. ಆದರೆ ತಿಂಗಳ ಕೊನೆಯಲ್ಲಿ ಸಿಲಿಂಡರು ಇನ್ನೆರಡು ದಿನ ಹೆಚ್ಚಾಗಿ ಬಂದಾಗ ಅದರ ಬೆಲೆ ಮನೆಯವರಿಗೆ ತಿಳಿಯುತ್ತದೆ.