ಘಟಪ್ರಭೆಯ ಇಳಿಜಾರಿನಲ್ಲಿ ಸೈಕಲ್ ಸವಾರಿ

ಹುಕ್ಕೇರಿಯ ಗುಮ್ಮಟಗಳ ಬಳಿ ಹೊರಟು, ಹಿಡಕಲ್ ಜಲಾಶಯ ನೋಡಿ, ಧೂಪದಾಳದ ಒಡ್ಡು ದಾಟಿ, ಗೋಕಾಕ ಜಲಪಾತದ ಮಗ್ಗುಲಲ್ಲಿ ಕೆಳಗಿಳಿದು, ಮೂಡಲಗಿಯ ಕಬ್ಬಿನ ಹೊಲಗಳ ನಡುವೆ ಮುಗಿಯುವ ದಾರಿಯೊಂದು ಬೆಳಗಾವಿ ಜಿಲ್ಲೆಯಲ್ಲಿದೆ. ಇದಕ್ಕೆ ಯಾರೂ ಹೆಸರಿಟ್ಟಿಲ್ಲ, ಪ್ರವಾಸಿ ನಕ್ಷೆಗಳಲ್ಲೂ ಇದು ಒಂದೇ ದಾರಿಯಾಗಿ ಕಾಣುವುದಿಲ್ಲ. ಗೋಕಾಕಕ್ಕೆ ಬರುವವರು ಕಾರಿನಲ್ಲಿ ಬಂದು ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು, ಕರದಂಟಿನ ಡಬ್ಬಿ ಕಟ್ಟಿಸಿಕೊಂಡು ಸಂಜೆಯೊಳಗೆ ತಿರುಗಿಬಿಡುತ್ತಾರೆ. ಸೈಕಲ್ ಏರಿ ಎರಡು ಮೂರು ದಿನ ನಿಧಾನವಾಗಿ ಸಾಗಿದವರಿಗೆ ಮಾತ್ರ ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲ್ಲೂಕುಗಳು ಒಂದೇ ನದಿ ಬರೆದ ಒಂದೇ ಕಥೆ ಎಂಬುದು ತಿಳಿಯುತ್ತದೆ.

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ ಪೂರ್ವಕ್ಕೆ ಸುಮಾರು 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದರ ನೀರು ಇಳಿಯುವ ಕಡೆಯಲ್ಲೆಲ್ಲ ಮನುಷ್ಯ ಏನಾದರೊಂದನ್ನು ಕಟ್ಟಿದ್ದಾನೆ. ಒಂದು ಕಡೆ ಅಣೆಕಟ್ಟು, ಇನ್ನೊಂದು ಕಡೆ ಕಾಲುವೆ, ಮತ್ತೊಂದು ಕಡೆ ನೂಲಿನ ಗಿರಣಿ. ಮೋಟಾರಿನಲ್ಲಿ ಕುಳಿತವನಿಗೆ ಈ ಇಳಿಜಾರು ಗೊತ್ತಾಗುವುದಿಲ್ಲ. ಸೈಕಲ್ ಸವಾರನಿಗೆ ಅದು ಮೊಣಕಾಲಿನಲ್ಲೇ ಗೊತ್ತಾಗುತ್ತದೆ.

ಪೋರ್ಚುಗಲ್‌ನ ಪಾಠ

ನದಿ ಹಿಡಿದು ಸೈಕಲ್ಲಿನಲ್ಲಿ ಊರೂರು ಸುತ್ತುವ ಪ್ರವಾಸಕ್ಕೆ ಯುರೋಪಿನಲ್ಲಿ ಹೆಸರಾದ ನಾಡುಗಳಲ್ಲಿ ಪೋರ್ಚುಗಲ್ ಕೂಡ ಒಂದು. ಅಲ್ಲಿನ ಡೌರೋ ನದಿಯ ಕಣಿವೆಯಲ್ಲಿ ಕಡಿದಾದ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಗೋಡೆ ಕಟ್ಟಿ ದ್ರಾಕ್ಷಿ ಬೆಳೆಯುತ್ತಾರೆ. ವೈನ್ ತಯಾರಿಸುವ ಆ ಪ್ರದೇಶದ ಗಡಿಯನ್ನು ಸರ್ಕಾರವೇ 1756ರಲ್ಲಿ ಗುರುತಿಸಿತು. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದ ದಾಂವ್ ಸೀಮೆಯಲ್ಲಿ ರೈಲು ನಿಂತುಹೋದ ಹಳೆಯ ಹಳಿಯ ಜಾಗವನ್ನೇ 49 ಕಿಲೋಮೀಟರ್ ಉದ್ದದ ಸೈಕಲ್ ದಾರಿಯನ್ನಾಗಿ ಮಾಡಿದ್ದಾರೆ. ಹಳೆಯ ದಾರಿಗೆ ಹೊಸ ಬಳಕೆ ಹುಡುಕಿದ್ದು, ಸವಾರ ಅಲ್ಲಲ್ಲಿ ಇಳಿದು ಉಣ್ಣುವಂತೆ, ತಂಗುವಂತೆ ನೋಡಿಕೊಂಡದ್ದು ಅವರ ಜಾಣತನ.

ನಮ್ಮ ಕಣಿವೆಯಲ್ಲಿ ದ್ರಾಕ್ಷಿಯ ಬದಲು ಕಬ್ಬು ಇದೆ, ವೈನ್ ಬದಲು ಬೆಲ್ಲ ಇದೆ. ಏರು ಇಳಿವುಗಳಿಗಾಗಲಿ ಹಳೆಯ ಊರುಗಳಿಗಾಗಲಿ ಕೊರತೆಯಿಲ್ಲ. ಆ ದೇಶದ ಜೊತೆ ಹಳೆಯ ನಂಟೂ ಇದೆ. ಆದಿಲ್‌ಶಾಹಿಗಳ ಕೈಯಿಂದ ಗೋವೆಯನ್ನು 1510ರಲ್ಲಿ ಕಿತ್ತುಕೊಂಡವರು ಪೋರ್ಚುಗೀಸರು. ಅದೇ ಆದಿಲ್‌ಶಾಹಿಗಳ ಕಾಲದ ಗುಮ್ಮಟಗಳು ಇಂದಿಗೂ ಹುಕ್ಕೇರಿಯಲ್ಲಿ ನಿಂತಿವೆ.

ಹುಕ್ಕೇರಿಯಿಂದ ಹೊರಡುವುದು

ಊರ ಅಂಚಿನ ಈ ಮೂರು ಗುಮ್ಮಟಗಳು ವಿಜಯಪುರದ ಗೋಳಗುಮ್ಮಟಕ್ಕಿಂತ ಹಳೆಯವು. ಗಾತ್ರದಲ್ಲಿ ಸಣ್ಣವಾದರೂ ಕಟ್ಟಡದ ಹದ ಅಚ್ಚುಕಟ್ಟು. ಬೆಳಗಿನ ಎಳೆ ಬಿಸಿಲಿನಲ್ಲಿ ಇವುಗಳನ್ನು ಒಂದು ಸುತ್ತು ಹಾಕಿ ಹೊರಟರೆ ಪ್ರವಾಸಕ್ಕೆ ಒಳ್ಳೆಯ ಆರಂಭ.

ಹುಕ್ಕೇರಿಯಲ್ಲಿ ನೋಡಲೇಬೇಕಾದ ಇನ್ನೊಂದು ಸಂಗತಿ ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿ. ಈ ತಾಲ್ಲೂಕಿನ ಮನೆ ಹೊಲಗಳಿಗೆ ಕರೆಂಟು ಹಂಚುತ್ತಿರುವುದು ರೈತರೇ ಸದಸ್ಯರಾಗಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ ಈ ಸಂಘದಂಥದ್ದು ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲ. ಗುಮ್ಮಟ ಕಟ್ಟಿದ ಅಮೀರರ ಊರು ಸಹಕಾರದ ಊರಾಗಿ ಬೆಳೆದದ್ದು ದೊಡ್ಡ ಮಾತು.

ಇಲ್ಲಿಂದ ದಕ್ಷಿಣಕ್ಕೆ ಹಿಡಕಲ್ಲಿನ ದಾರಿ. ಸಣ್ಣ ಏರು, ಸಣ್ಣ ಇಳಿತ, ಮತ್ತೆ ಏರು. ಗೇರಿಲ್ಲದ ಹಳೆಯ ಸೈಕಲ್ ಆದರೆ ಕೆಲವು ಕಡೆ ಇಳಿದು ತಳ್ಳಬೇಕಾಗುತ್ತದೆ. "ಏರು ಬಂತಂದ್ರ ಇಳದು ತಳ್ಳಬೇಕ್ರಿ, ಅದರಾಗ ನಾಚಿಕಿ ಏನೈತಿ" ಎನ್ನುವುದು ಈ ಕಡೆಯವರ ಮಾತು. ದೂರದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಬುದ್ಧಿವಾದ ಸಿಗಲಾರದು. ಏರಿನಲ್ಲಿ ಉಸಿರು ಕಟ್ಟುವಂತೆ ತುಳಿದವನು ಮಧ್ಯಾಹ್ನಕ್ಕೆ ಸೋಲುತ್ತಾನೆ, ತಳ್ಳಿದವನು ಸಂಜೆಯವರೆಗೂ ಸಾಗುತ್ತಾನೆ.

ಹಿಡಕಲ್ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ರಾಜಾ ಲಖಮಗೌಡ ಜಲಾಶಯ ಎಂದು ಹೆಸರು. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 2,175 ಅಡಿ ಎತ್ತರದಲ್ಲಿರುತ್ತದೆ, ಸಂಗ್ರಹ 51 ಟಿಎಂಸಿ. ಬೇಸಿಗೆಯಲ್ಲಿ ನೀರು ಇಳಿದಾಗ, ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣಿಸಿಕೊಳ್ಳುತ್ತದೆ, ಅದನ್ನು ನೋಡಲು ಸುತ್ತಲಿನ ಜನ ಬರುತ್ತಾರೆ. ಕೆಳಗಿನ ಊರುಗಳ ಹಸಿರಿಗಾಗಿ ಮೇಲಿನ ಊರುಗಳು ಏನು ಕೊಟ್ಟವು ಎಂಬುದನ್ನು ಇಲ್ಲಿ ನಿಂತು ನೆನೆಯಬೇಕು.

ಧೂಪದಾಳ: ಕಾಲುವೆ ಮತ್ತು ಹಕ್ಕಿಗಳು

ಒಳರಸ್ತೆಗಳಲ್ಲಿ ಘಟಪ್ರಭಾ ಊರು ತಲುಪಿದರೆ ರೈಲು ನಿಲ್ದಾಣ ಸಿಗುತ್ತದೆ. ಸ್ವಾತಂತ್ರ್ಯ ಹೋರಾಟದಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಊರು ಇದು. ಪಕ್ಕದಲ್ಲೇ ಧೂಪದಾಳದ ಒಡ್ಡು. 1897ರ ಹೊತ್ತಿಗೆ ಕಟ್ಟಿ ಮುಗಿಸಿದ ಈ ಒಡ್ಡಿನಿಂದಲೇ ಘಟಪ್ರಭಾ ಎಡದಂಡೆ ಕಾಲುವೆ ಹೊರಡುತ್ತದೆ. ಒಂದು ಶತಮಾನಕ್ಕೂ ಹಳೆಯದಾದ ಕಲ್ಲುಗಟ್ಟಡದ ಮೇಲಿಂದ ನೀರು ಬಿಳಿ ಅಂಚಾಗಿ ಜಾರುವುದನ್ನು ಸೇತುವೆಯ ಬದಿಯಿಂದ ನೋಡಬಹುದು.

ಒಡ್ಡಿನ ಹಿಂದೆ ನಿಂತ ನೀರಿನ ಸುತ್ತಲಿನ ಸುಮಾರು 30 ಚದರ ಕಿಲೋಮೀಟರ್ ಪ್ರದೇಶ 1974ರಿಂದ ಪಕ್ಷಿಧಾಮ. ನವೆಂಬರ್‌ನಿಂದ ಮಾರ್ಚ್‌ವರೆಗೆ ದೂರದ ದೇಶಗಳಿಂದ ಕೊಕ್ಕರೆ, ಕ್ರೌಂಚ ಪಕ್ಷಿಗಳು ಬಂದು ಇಲ್ಲಿ ಚಳಿಗಾಲ ಕಳೆಯುತ್ತವೆ. ಸೈಕಲ್ ಸದ್ದು ಮಾಡುವುದಿಲ್ಲ. ಕಾರಿನ ಬಾಗಿಲು ಬಡಿದ ಕೂಡಲೇ ಹಾರಿಬಿಡುವ ಹಕ್ಕಿಗಳನ್ನು ಸವಾರ ಹತ್ತಿರದಿಂದ ನೋಡಬಲ್ಲ.

ನದಿ ಬೀಳುವ ಜಾಗ

ಕೊಣ್ಣೂರು ದಾಟಿದರೆ ಗೋಕಾಕ ಫಾಲ್ಸ್. ಗಟ್ಟಿ ಮರಳುಗಲ್ಲಿನ ಹಾಸಿನ ಮೇಲೆ ಹರಡಿಕೊಂಡು ಬರುವ ಘಟಪ್ರಭೆ ಇಲ್ಲಿ ಒಮ್ಮೆಲೇ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಬಂಡೆಯ ಅಂಚು ಕುದುರೆಲಾಳದಂತೆ ಬಾಗಿದೆ. ಹೊಸ ಮಳೆಯ ದಿನಗಳಲ್ಲಿ ನೀರು ಕೆಂಪು, ಮಳೆ ಹಿಂದೆ ಸರಿದ ಮೇಲೆ ಬಿಳಿ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಸ್ಥಾನವಿದೆ. ಕಣಿವೆಗೆ ಅಡ್ಡಲಾಗಿ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇದೆ.

ಜಲಪಾತದ ಪಕ್ಕದಲ್ಲೇ 1885ರಲ್ಲಿ ಆರಂಭವಾದ ಗೋಕಾಕ ಮಿಲ್ಲು. ನೂಲಿನ ಗಿರಣಿಯೊಂದು ಪೇಟೆ ಬಿಟ್ಟು ಈ ಬಂಡೆಗಳ ನಡುವೆ ಬಂದು ಕೂತದ್ದು ಬೀಳುವ ನೀರಿನ ಬಲಕ್ಕಾಗಿ. ಮೇಲಿನಿಂದ ಕೊಳವೆಯಲ್ಲಿ ಇಳಿಸಿದ ನೀರು ಕೆಳಗೆ ಟರ್ಬೈನ್ ತಿರುಗಿಸುತ್ತಿತ್ತು. ದೇಶದಲ್ಲಿ ನೀರಿನಿಂದ ವಿದ್ಯುತ್ ತೆಗೆದ ಮೊದಲ ಜಾಗಗಳಲ್ಲಿ ತಮ್ಮೂರೂ ಒಂದು, ಅದು 1887ರ ಮಾತು ಎಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. ನದಿ ಇಲ್ಲಿ ಬೀಳದೆ ಇದ್ದಿದ್ದರೆ ಮಿಲ್ಲಿಲ್ಲ, ಮಿಲ್ಲಿನ ಕಾಲೊನಿ ಇಲ್ಲ, ಆ ಕಾಲೊನಿಗಳಲ್ಲಿ ಬೆಳೆದ ತಲೆಮಾರುಗಳ ಬದುಕೂ ಇಲ್ಲ.

ಫಾಲ್ಸ್‌ನಿಂದ ಗೋಕಾಕ ಪಟ್ಟಣಕ್ಕೆ ಆರು ಕಿಲೋಮೀಟರ್ ಇಳಿತ. ಇಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬಾರದು. ರಿಮ್ಮು ಕಾದು ಹಿಡಿತ ತಪ್ಪುತ್ತದೆ. ಹಿಂದು ಮುಂದಿನ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಬೇಕು. ಸಮಯವಿದ್ದವರು ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೂ ಹೋಗಿಬರಬಹುದು. ಅಲ್ಲಿ ನದಿ ಕಾಡಿನ ನಡುವೆ ಎರಡು ಹಂತದಲ್ಲಿ ಧುಮುಕುತ್ತದೆ.

ಗೋಕಾಕದ ಕೈಗುಣ

ಗೋಕಾಕದಲ್ಲಿ ಒಂದು ರಾತ್ರಿ ತಂಗಲೇಬೇಕು. ಇಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಚ್ಚುವ ಕಸುಬನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದಿವೆ. ದೇವರ ಮೂರ್ತಿಗಳ ಜೊತೆಗೆ ಇವರು ಮಾಡುವ ಹಣ್ಣು ತರಕಾರಿಗಳು ಹೆಸರುವಾಸಿ. ಬದನೆಕಾಯಿಯ ತೊಟ್ಟು, ಬಾಳೆಹಣ್ಣಿನ ಮೇಲಿನ ಕಪ್ಪು ಚುಕ್ಕೆ, ಮಾವಿನ ಕೆನ್ನೆಯ ಕೆಂಪು ಎಲ್ಲವೂ ಕುಂಚದ ತುದಿಯಲ್ಲೇ ಮೂಡುತ್ತವೆ. ಕೈಗೆತ್ತಿಕೊಂಡು ತೂಕ ನೋಡಿದಾಗಲೇ ಅದು ಮರದ್ದೆಂದು ಖಾತ್ರಿಯಾಗುವುದು.

ಇನ್ನು ಕರದಂಟು. ಅಂಟಿನ ಹರಳುಗಳನ್ನು ಬಿಸಿ ತುಪ್ಪಕ್ಕೆ ಹಾಕಿದೊಡನೆ ಅವು ಚಟಪಟ ಸದ್ದು ಮಾಡುತ್ತ ಉಬ್ಬಿ ಬೆಳ್ಳಗಾಗುತ್ತವೆ. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿದು ಹಲ್ಲಿಗೆ ಅಂಟುತ್ತವೆ. ಹಾಗಾಗಿ ಸ್ವಲ್ಪ ಸ್ವಲ್ಪವಾಗಿಯೇ ಕರಿಯಬೇಕು. ಆಮೇಲೆ ಬೆಲ್ಲದ ಪಾಕ ಹದಕ್ಕೆ ಬಂದಾಗ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬದಾಮಿ, ಒಣದ್ರಾಕ್ಷಿ, ಗೋಡಂಬಿ, ಗಸಗಸೆ ಸುರಿದು ಬಿಸಿ ಆರುವ ಮೊದಲೇ ತಟ್ಟೆಗೆ ತಟ್ಟುತ್ತಾರೆ. ಪಾಕ ಎಳೆಯದಾದರೆ ಉದುರುತ್ತದೆ, ಬಲಿತರೆ ಕಲ್ಲಾಗುತ್ತದೆ. ಇದರಲ್ಲಿರುವ ಗೋಡಂಬಿಯ ಗಿಡವನ್ನು ಬ್ರೆಜಿಲ್‌ನಿಂದ ನಮ್ಮ ಪಶ್ಚಿಮ ಕರಾವಳಿಗೆ ತಂದವರೂ ಪೋರ್ಚುಗೀಸರೇ. ಬಾಣಂತಿಯರಿಗೂ ಗರಡಿ ಹುಡುಗರಿಗೂ ಶಕ್ತಿ ಕೊಡುವ ತಿನಿಸೆಂದು ನಂಬಿಕೆ ಪಡೆದ ಕರದಂಟು ಸೈಕಲ್ ಸವಾರನಿಗೂ ಹೇಳಿ ಮಾಡಿಸಿದ್ದು. ಬಿಸಿಲಿಗೆ ಬೇಗ ಕೆಡುವುದಿಲ್ಲ, ಜೇಬಿನಲ್ಲಿ ಹಿಡಿಯುತ್ತದೆ, ಎರಡು ತುಂಡು ತಿಂದರೆ ಮುಂದಿನ ಏರಿಗೆ ಕಾಲು ಸಿದ್ಧ.

ಮೂಡಲಗಿಯ ಬಯಲು

ಗೋಕಾಕದಿಂದ ಉತ್ತರಕ್ಕೆ ಲೋಳಸೂರ ಸೇತುವೆ ದಾಟಬೇಕು. 2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭೆ ಈ ಸೇತುವೆಯನ್ನೂ ಗೋಕಾಕದ ಅರ್ಧ ಪೇಟೆಯನ್ನೂ ನುಂಗಿತ್ತು. ಈಗ ಅದರ ಮೇಲೆ ನಿಂತು ಕೆಳಗೆ ನೋಡಿದರೆ ನೀರು ಅಷ್ಟೆತ್ತರಕ್ಕೆ ಬಂದದ್ದನ್ನು ನಂಬುವುದು ಕಷ್ಟ. ಮುಂದೆ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು. ಈ ಬಯಲಿನಲ್ಲೇ ಇರುವ ಕಲ್ಲೋಳಿಯಲ್ಲಿ ರಟ್ಟ ಅರಸರ ಆಳ್ವಿಕೆಯಲ್ಲಿ, 13ನೇ ಶತಮಾನದ ಆರಂಭದಲ್ಲಿ ಶಾಂತಿನಾಥ ಬಸದಿ ಎದ್ದುದಕ್ಕೆ ಶಾಸನವಿದೆ.

2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ ಶಿವಬೋಧರಂಗ ಮಠದ ಊರು. ಇಲ್ಲಿ ಏರುಗಳು ಮುಗಿದು ರಸ್ತೆ ಸಮತಟ್ಟಾಗುತ್ತದೆ, ಇಕ್ಕೆಲದಲ್ಲೂ ಕಬ್ಬು. ಹಿಂದೆ ಧೂಪದಾಳದಲ್ಲಿ ನೋಡಿದ ನೀರೇ ಕಾಲುವೆಯಲ್ಲಿ ಹರಿದು ಇಲ್ಲಿ ಸಿಹಿಯಾಗಿ ನಿಂತಿದೆ. ಆ ಸಿಹಿಯ ಹಿಂದಿನ ದುಡಿಮೆಯನ್ನೂ ಸವಾರ ಅರಿಯಬೇಕು. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೆಲೆ ಕೇಳಿ ರೈತರು ಹೋರಾಟಕ್ಕೆ ಕುಳಿತದ್ದು ಇದೇ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ.

ಹೊರಡುವವರಿಗೆ ಒಂದಿಷ್ಟು ಮಾತು

ಮಳೆ ನಿಂತು ಜಲಪಾತದಲ್ಲಿ ಇನ್ನೂ ನೀರಿರುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಈ ದಾರಿಗೆ ಒಳ್ಳೆಯವು. ಹಕ್ಕಿ ನೋಡುವವರು ಚಳಿಗಾಲದಲ್ಲಿ ಬರಬೇಕು. ಆದರೆ ಅದು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ಓಡಾಡುತ್ತವೆ, ಎಷ್ಟೋ ಟ್ರೇಲರುಗಳ ಹಿಂದೆ ದೀಪವಿರುವುದಿಲ್ಲ. ಕತ್ತಲಾಗುವ ಮೊದಲೇ ಊರು ಸೇರುವುದು ಕ್ಷೇಮ. ಬೆಳಗಾವಿ–ಮೀರಜ್ ರೈಲು ಮಾರ್ಗದಲ್ಲಿ ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳಿವೆ. ಹಗುರ ಗೇರು ಇರುವ ಸೈಕಲ್, ಒಂದು ಹೆಚ್ಚುವರಿ ಟ್ಯೂಬು, ಪಂಪು, ಹಿಂದೆ ಕೆಂಪು ದೀಪ ಇದ್ದರೆ ಸಾಕು. ಭಾರವನ್ನು ಬೆನ್ನಿಗೆ ಹೊರದೆ ಕ್ಯಾರಿಯರಿನ ಎರಡೂ ಬದಿಗೆ ಸಮವಾಗಿ ಕಟ್ಟಿದರೆ ಇಳಿತದಲ್ಲಿ ಸೈಕಲ್ ಓಲಾಡುವುದಿಲ್ಲ. ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ.

ಈ ಸೀಮೆಗೆ ಸೈಕಲ್ ಹೊಸದಲ್ಲ. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರೈತಾಪಿ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ವೇಗದ ಸೈಕಲ್ಲಿಗೆ ಇಷ್ಟು ಮರ್ಯಾದೆ ಕೊಟ್ಟ ನಾಡು ನಿಧಾನದ ಸೈಕಲ್ಲಿಗೂ ಒಂದು ದಾರಿ ಮಾಡಿಕೊಡಬೇಕು. ಅದಕ್ಕೆ ಹೊಸ ಭೂಮಿ ಬೇಡ. ಕಾಲುವೆಯ ದಂಡೆಯುದ್ದಕ್ಕೂ ದುರಸ್ತಿಗೆಂದು ಬಿಟ್ಟ ಜಾಗವಿದೆ. ಧೂಪದಾಳದಿಂದ ಮೂಡಲಗಿಯ ಕಡೆಗೆ ಅದನ್ನು ಸಮ ಮಾಡಿ, ನೆರಳಿಗೆ ಬೇವು ಹುಣಸೆ ನೆಟ್ಟು, ಅಲ್ಲಲ್ಲಿ ದಾರಿ ತೋರುವ ಫಲಕ ನಿಲ್ಲಿಸಿದರೆ ಶಾಲೆಗೆ ಹೋಗುವ ಮಕ್ಕಳಿಗೂ ಹೊಲಕ್ಕೆ ಹೋಗುವ ರೈತರಿಗೂ ಕಬ್ಬಿನ ಟ್ರ್ಯಾಕ್ಟರುಗಳ ಭಯವಿಲ್ಲದ ದಾರಿಯಾಗುತ್ತದೆ. ದೂರದಿಂದ ಬರುವ ಸವಾರ ಒಂದು ದಿನ ಹೆಚ್ಚು ತಂಗಿದರೆ ಖಾನಾವಳಿಗೆ, ಗೊಂಬೆ ಮಾಡುವ ಮನೆಗೆ, ಪಂಕ್ಚರ್ ಅಂಗಡಿಗೆ ನಾಲ್ಕು ಕಾಸು ಸೇರುತ್ತದೆ. ನೀರಾವರಿ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಮೂರೂ ತಾಲ್ಲೂಕುಗಳ ಪಂಚಾಯಿತಿಗಳು ಕೂತು ಮಾತಾಡಿದರೆ ಆಗಿಬಿಡುವ ಕೆಲಸ ಇದು. ಅಲ್ಲಿಯವರೆಗೆ ಇರುವ ರಸ್ತೆಯಲ್ಲೇ ಸೈಕಲ್ ತುಳಿಯುವವರ ಸಂಖ್ಯೆ ಹೆಚ್ಚಲಿ. ಸವಾರರು ಬರತೊಡಗಿದರೆ ದಾರಿ ಕೇಳುವ ಧ್ವನಿಗೂ ಬಲ ಬರುತ್ತದೆ.